ಮನೆಶಾಲೆಯ ಬುಧವಾರ



ಮಕ್ಕಳನ್ನು ಶಾಲೆಗೆ ಹಾಕದೆ ಮನೆಯಲ್ಲೇ ಕಲಿಸುವ ತಂದೆತಾಯಿಗಳು ಈಗ ಬೆಂಗಳೂರು, ಮೈಸೂರಿನಲ್ಲಷ್ಟೇ ಅಲ್ಲ, ನಮ್ಮ ಧಾರವಾಡದಂಥ ಊರಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅಂಥವರನ್ನು ಕಂಡ ಕೂಡಲೆ ಜನ ಕೇಳುವ ಪ್ರಶ್ನೆ ಎರಡು. ಒಂದು, ‘ಹಂಗಾದ್ರ ಪರೀಕ್ಷಾ ಹೆಂಗ?’ ಇನ್ನೊಂದು, ‘ಮುಂಜಾನಿಂದ ಸಂಜೀತನಕ ಮನ್ಯಾಗ ಕೂತು ಹುಡುಗರು ಮಾಡೂದರ ಏನು?’ ಪರೀಕ್ಷೆಯ ಮಾತನ್ನು ಕೊನೆಯಲ್ಲಿ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಎರಡನೆಯ ಪ್ರಶ್ನೆಗೇ ಈ ಹೊತ್ತು ಮೀಸಲು.

ನಾನು ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಂದ ‘ಅಕ್ಕೋರ’ ಅನ್ನಿಸಿಕೊಂಡು ನಿವೃತ್ತಳಾದವಳು. ಮಗಳು, ಅಳಿಯ ಸೇರಿ ತಮ್ಮ ಮಕ್ಕಳಿಗೆ ಮನೆಯಲ್ಲೇ ಪಾಠ ಎಂದು ತೀರ್ಮಾನ ಮಾಡಿದಾಗ ನನಗೆ ಸಮಾಧಾನ ಇರಲಿಲ್ಲ. ಈಗಲೂ ಪೂರ್ತಿ ಸಮಾಧಾನ ಇದೆ ಎಂದು ಹೇಳಲಾರೆ. ಆದರೆ ಬುಧವಾರ ಬಂತೆಂದರೆ ಮೊಮ್ಮಕ್ಕಳಿಬ್ಬರೂ ನನ್ನ ಪಾಲಿಗೆ. ಅಕ್ಕನಿಗೆ ಎಂಟು ವರ್ಷ, ತಮ್ಮನಿಗೆ ಐದು. ಅವತ್ತು ಮಗ್ಗಿ ಇಲ್ಲ, ಇಂಗ್ಲಿಷ್ ಇಲ್ಲ. ಕೈಗೆಲಸ, ಚಿತ್ರ, ಗಟ್ಟಿಯಾಗಿ ಕಥೆ ಓದುವುದು, ಇಷ್ಟೇ. ಕೇಳಿದವರು ‘ಓಹೋ, ಸೂಟಿ ದಿನ ಅನ್ನಿ’ ಎನ್ನುತ್ತಾರೆ. ನನ್ನ ಅನುಭವದಲ್ಲಿ ವಾರದ ಆರು ದಿನಗಳಲ್ಲಿ ಮಕ್ಕಳು ಬೆವರು ಸುರಿಸಿ ಕಲಿಯುವ ದಿನ ಇದೇ.

ಕೈಗೆಲಸ ಎಂದರೆ ಈಗ ಐಸ್‌ಕ್ರೀಂ ಕಡ್ಡಿ, ಥರ್ಮಾಕೋಲು, ಮಿಂಚಿನ ಕಾಗದ, ಅಂಟು ಎಂದಾಗಿದೆ. ಶಾಲೆಯಿಂದ ಪ್ರಾಜೆಕ್ಟ್ ಬರುತ್ತದೆ. ರಾತ್ರಿ ಹನ್ನೊಂದು ಗಂಟೆಯವರೆಗೆ ಅಪ್ಪ ಕೂತು ಥರ್ಮಾಕೋಲಿನಲ್ಲಿ ಗೋಳಗುಮ್ಮಟ ಕಟ್ಟುತ್ತಾನೆ, ಮಗು ಮಲಗಿ ನಿದ್ದೆ ಮಾಡುತ್ತದೆ, ಮರುದಿನ ಅಪ್ಪನಿಗೆ ಹತ್ತಕ್ಕೆ ಒಂಬತ್ತು ಅಂಕ ಬೀಳುತ್ತದೆ. ವಾರ ಕಳೆಯುವಷ್ಟರಲ್ಲಿ ಗುಮ್ಮಟ ಕಸದ ಗಾಡಿ ಹತ್ತುತ್ತದೆ. ಇಂಥದನ್ನು ನಮ್ಮ ಮನೆಗೆ ತರುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ.

ಈ ಹಟ ನನ್ನೊಬ್ಬಳದೇ ಅಲ್ಲ. ಇಂಗ್ಲೆಂಡಿನಲ್ಲಿ ಶಾರ್ಲೆಟ್ ಮೇಸನ್ ಎಂಬ ಶಿಕ್ಷಕಿ ಇದ್ದಳು, 1842ರಿಂದ 1923ರವರೆಗೆ ಬದುಕಿದವಳು. ಮನೆಯಲ್ಲಿ ಮಕ್ಕಳಿಗೆ ಹೇಗೆ ಕಲಿಸಬೇಕೆಂದು 1886ರಲ್ಲಿ ಒಂದು ಪುಸ್ತಕ ಬರೆದಳು. 1892ರಲ್ಲಿ ಆಂಬಲ್‌ಸೈಡ್ ಎಂಬ ಸಣ್ಣ ಊರಿನಲ್ಲಿ ತರಬೇತಿ ಶಾಲೆ ತೆರೆದಳು. ಇವತ್ತು ಬೇರೆ ಬೇರೆ ದೇಶಗಳ ಎಷ್ಟೋ ಮನೆಶಾಲೆಗಳು ನಡೆಯುವುದು ಅವಳು ಹಾಕಿಕೊಟ್ಟ ಹಾದಿಯಲ್ಲೇ. ಕೈಗೆಲಸದ ಬಗ್ಗೆ ಅವಳದು ಕಟ್ಟುನಿಟ್ಟು: ಉಪಯೋಗಕ್ಕೆ ಬಾರದ ವಸ್ತುಗಳನ್ನು ಮಾಡಿಸಿ ಮಕ್ಕಳ ಹೊತ್ತು ಕಳೆಯಬಾರದು, ನಿಧಾನವಾಗಿ ತೋರಿಸಿಕೊಡಬೇಕು, ಅವರ ಕೈಲಾಗುವ ಕೆಲಸವನ್ನೇ ಕೊಡಬೇಕು, ಆದರೆ ಕೊಟ್ಟ ಮೇಲೆ ಅರೆಬರೆ ಕೆಲಸವನ್ನು ಒಪ್ಪಿಕೊಳ್ಳಬಾರದು. ಅವಳ ಎಲ್ಲ ಮಾತೂ ನನಗೆ ಒಪ್ಪಿಗೆಯಾಗಿಲ್ಲ. ಈ ಮಾತು ಮಾತ್ರ ನನ್ನ ಅವ್ವನ ಬಾಯಿಂದಲೇ ಬಂದ ಹಾಗಿದೆ.

ಅದಕ್ಕೇ ಮೊಮ್ಮಗಳಿಗೆ ಕಸೂತಿ ಕೊಟ್ಟೆ. ನಮ್ಮ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಹಿಂದೆ ಮದುವೆಗೆ ಚಂದ್ರಕಳಿ ಸೀರೆಯ ಕರಿ ಒಡಲಿನ ಮೇಲೆ ಗೋಪುರ, ತೇರು, ಆನೆ, ತೊಟ್ಟಿಲು, ತುಳಸಿಕಟ್ಟೆ ತೆಗೆಯುತ್ತಿದ್ದರು. ಕರಿ ಸೀರೆ ಎಂಟು ವರ್ಷದವಳ ಕಣ್ಣಿಗೆ ಶಿಕ್ಷೆ. ಹಾಗಾಗಿ ಎಳೆ ಎದ್ದು ಕಾಣುವ ಬಿಳಿ ಮ್ಯಾಟಿ ಬಟ್ಟೆ, ದಪ್ಪ ಸೂಜಿ, ಕೆಂಪು ದಾರ.

ಮೊದಲು ಗವಂತಿ. ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತ ಹೋಗಬೇಕು, ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರಬೇಕು. ಗಂಟು ಹಾಕುವ ಹಾಗಿಲ್ಲ. ಕೆಲಸ ಮುಗಿದಾಗ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು. ಯಾವುದು ಮೇಲು, ಯಾವುದು ಕೆಳಗು ಎಂದು ಹೇಳಲು ಬರಬಾರದು. ನಾವು ಆರಿಸಿಕೊಂಡದ್ದು ಮೆಟ್ಟಿಲುಮೆಟ್ಟಿಲಾದ ಒಂದು ಅಂಚು. ಹುಡುಗಿ ಹೋಗುವ ಹಾದಿಯನ್ನು ಹಾಡುತ್ತ ಮುಗಿಸಿದಳು. ಬರುವ ಹಾದಿಯಲ್ಲಿ ಅರ್ಧಕ್ಕೆ ನಿಂತಳು. ಖಾಲಿ ಇರಬೇಕಾದ ಮನೆ ಸಿಗಲಿಲ್ಲ, ಸೂಜಿ ಬಂದು ನಿಂತ ಜಾಗದಲ್ಲಿ ಆಗಲೇ ದಾರ ಇತ್ತು.

‘ಅಜ್ಜಿ, ಎಲ್ಲೋ ತಪ್ಪೇತಿ.’

‘ಎಲ್ಲಿ ತಪ್ಪೇತಿ, ನೋಡು.’

‘ನೀನ ಹೇಳ.’

‘ನಂಗ ಚಸ್ಮಾ ಇಲ್ಲ ಈಗ.’

ಚಸ್ಮಾ ಮೂಗಿನ ಮೇಲೇ ಇತ್ತು. ಅವಳು ಒಂದು ಸಲ ನನ್ನ ಮುಖ ನೋಡಿ, ನಕ್ಕು, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಎಳೆ ಎಣಿಸತೊಡಗಿದಳು. ಮೂರನೆಯ ಮೆಟ್ಟಿಲಿನಲ್ಲಿ ನಾಲ್ಕು ಎಳೆಯ ಬದಲು ಐದು ಎತ್ತಿದ್ದು ಸಿಕ್ಕಿತು. ಅಲ್ಲಿಯವರೆಗೆ ದಾರ ಬಿಚ್ಚಿದಳು. ಬಿಚ್ಚುವಾಗ ಎರಡು ಹನಿ ಕಣ್ಣೀರೂ ಬಂತು. ನಾನು ಬಾಯಿ ಬಿಡಲಿಲ್ಲ. ಮತ್ತೆ ಹೊಲಿದಳು. ಈ ಸಲ ಹೋದ ದಾರ ಹೊರಟಲ್ಲಿಗೇ ಬಂದು ಮುಟ್ಟಿತು.

ಎಷ್ಟೋ ವರ್ಷ ಮಕ್ಕಳ ಪಾಟಿಗಳ ಮೇಲೆ ತಪ್ಪು ಗುರುತು ಹಾಕಿದ ಕೈ ನನ್ನದು. ಆ ಗುರುತನ್ನು ಮಗು ನೋಡುವುದು ಅಕ್ಕೋರಿಗೆ ಅಂಜಿ. ಸರಿ ಯಾಕೆ, ತಪ್ಪು ಯಾಕೆ ಎಂದು ಅದಕ್ಕೆ ಗೊತ್ತಿರಬೇಕೆಂದೇನೂ ಇಲ್ಲ, ಅಕ್ಕೋರು ಹೇಳಿದರೆ ಸರಿ. ಕಸೂತಿಯಲ್ಲಿ ಅಕ್ಕೋರ ಅಪ್ಪಣೆ ಬೇಕಿಲ್ಲ. ಎಳೆ ಕೂಡಿದರೆ ಸರಿ, ಕೂಡದಿದ್ದರೆ ತಪ್ಪು. ಈ ತಪ್ಪಿಗೆ ಮಗು ಯಾರ ಮೇಲೂ ಸಿಟ್ಟಾಗಲಾರದು, ಯಾರಿಗೂ ಅಂಜಬೇಕಾಗಿಲ್ಲ. ಕೈಗೆಲಸದಲ್ಲಿ ಇದಕ್ಕಿಂತ ದೊಡ್ಡ ಲಾಭ ನನಗೆ ಕಂಡಿಲ್ಲ.

ಇದರಲ್ಲಿ ಗಣಿತವೂ ಇದೆ. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ, ಒಮ್ಮೆ ಹೋಗುತ್ತ, ಒಮ್ಮೆ ಬರುತ್ತ. ಪ್ರತಿ ಗೆರೆಯನ್ನೂ ಎರಡು ಸಲ ತುಳಿಯಲು ಬಿಟ್ಟರೆ, ಬಿಡಿಬಿಡಿಯಾಗಿಲ್ಲದ ಯಾವ ಚಿತ್ರದಲ್ಲಾದರೂ ಹೊರಟ ಜಾಗಕ್ಕೆ ತಿರುಗಿ ಬರುವ ಹಾದಿ ಇದ್ದೇ ಇರುತ್ತದೆ. 18ನೆಯ ಶತಮಾನದಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವೇ ಎಂಬ ಲೆಕ್ಕವನ್ನು ಗಣಿತಜ್ಞ ಆಯ್ಲರ್ ಬಿಡಿಸಿದ, ಆಗುವುದಿಲ್ಲ ಎಂದು ತೋರಿಸಿಕೊಟ್ಟ. ಅದೇ ಲೆಕ್ಕದ ಇನ್ನೊಂದು ಮುಖ ಇದು. ಪ್ರತಿ ಸೇತುವೆಯನ್ನು ಎರಡು ಸಲ ದಾಟಬಹುದು ಎಂದಿದ್ದರೆ ಆ ಊರಿನವರು ಸುಖವಾಗಿ ತಿರುಗಾಡಿಕೊಂಡು ಮನೆ ಸೇರುತ್ತಿದ್ದರು. ನಮ್ಮ ಓಣಿಯ ಹೆಂಗಸರು ಆಯ್ಲರನ ಹೆಸರು ಕೇಳದೆಯೇ ಬಟ್ಟೆಯ ಮೇಲೆ ಈ ಲೆಕ್ಕ ಮಾಡಿಕೊಂಡು ಬಂದವರು. ಇದನ್ನು ಮೊಮ್ಮಗಳಿಗೆ ನಾನು ಈಗಲೇ ಹೇಳುವುದಿಲ್ಲ. ಕೈಗೆ ಗೊತ್ತಾಗಿದೆ, ತಲೆಗೆ ನಿಧಾನ ಬರಲಿ.

ಆ ಬಟ್ಟೆ ಈಗ ಅಡುಗೆಮನೆಯಲ್ಲಿ ರೊಟ್ಟಿ ಬುಟ್ಟಿಯ ಮೇಲೆ ಹಾಸುವ ಬಟ್ಟೆ. ವಾರವಾರ ಒಗೆಯುತ್ತೇವೆ. ಬಣ್ಣ ಒಂಚೂರು ಇಳಿದಿದೆ. ಗಾಜು ಹಾಕಿಸಿ ಗೋಡೆಗೆ ತೂಗುಹಾಕೋಣ ಎಂದು ಅಳಿಯ ಅಂದ, ನಾನು ಬೇಡ ಎಂದೆ.

ಸಣ್ಣವನಿಗೆ ಸೂಜಿ ಆಗದು, ಅವನದು ಮಣ್ಣು. ಉತ್ತರ ಕರ್ನಾಟಕದ ಮನೆಗಳಿಗೆ ಮಣ್ಣಿನ ಕೆಲಸಕ್ಕೆ ಪಠ್ಯಕ್ರಮ ಬರೆಸಬೇಕಾಗಿಲ್ಲ, ಪಂಚಾಂಗ ನೋಡಿದರಾಯಿತು. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣಕ್ಕೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಮಳೆ ಬಿದ್ದು ಮಣ್ಣು ಹದವಾಗುವ ಹೊತ್ತಿಗೆ ಸರಿಯಾಗಿ ಒಂದಾದ ಮೇಲೊಂದು. ಈಗ ಎಲ್ಲವೂ ಬಜಾರದಲ್ಲಿ ಬಣ್ಣ ಬಳಿದುಕೊಂಡು ಸಿಗುತ್ತವೆ. ಐದು ವರ್ಷದ ಹುಡುಗನಿಗೆ ಕೊಂಡು ತಂದ ಎತ್ತು ಬೇಡ, ತಾನೇ ಮಾಡಿದ, ಕೋಡು ಸೊಟ್ಟಗಿರುವ ಎತ್ತೇ ಬೇಕು.

ಮೊದಲ ಸಲ ಯಾರದೋ ಹೊಲದಿಂದ ಎರೆಮಣ್ಣು ತರಿಸಿದ್ದೆವು. ಎತ್ತು ಚೆಂದ ನಿಂತಿತು. ಎರಡು ದಿನ ಒಣಗಿತು, ಬೆನ್ನ ಮೇಲೆ ಉದ್ದಕ್ಕೆ ಬಿರಿಯಿತು, ಒಂದು ಕಾಲು ಕಳಚಿ ಬಿತ್ತು. ‘ಅಜ್ಜಿ, ಎತ್ತ ಯಾಕ ಒಡೀತು?’ ಇದಕ್ಕೆ ಉತ್ತರ ಹೇಳಲು ನಾನು ಅವನನ್ನು ನವಲಗುಂದದ ಕಡೆ ಹೋಗುವ ದಾರಿಯ ಹೊಲಗಳ ನೆನಪಿಗೆ ಕರೆದುಕೊಂಡು ಹೋದೆ. ಬೇಸಿಗೆಯಲ್ಲಿ ಬಸ್ಸಿನಿಂದ ಅವನೇ ನೋಡಿದ್ದ, ಕೈ ಇಳಿಯುವಷ್ಟು ಅಗಲದ ಬಿರುಕು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲ ಬಿರಿದ ಕಾರಣಕ್ಕೇ ಎತ್ತೂ ಬಿರಿದದ್ದು. ಮುಂದಿನ ಸಲ ಮಣ್ಣಿಗೆ ಮರಳು, ಬೂದಿ ಬೆರೆಸಿದೆವು. ಎಷ್ಟು ಬೆರೆಸಬೇಕು ಎಂಬುದನ್ನು ಕುಂಬಾರ ಅಜ್ಜನನ್ನೇ ಕೇಳಲು ಹೋದೆವು. ಆತ ಬಾಯಿಂದ ಏನೂ ಹೇಳಲಿಲ್ಲ. ಮುದ್ದೆಯನ್ನು ಹುಡುಗನ ಕೈಯಲ್ಲಿಟ್ಟು ಹಿಚುಕಿಸಿದ, ಇನ್ನಷ್ಟು ಮರಳು ಹಾಕಿ ಮತ್ತೆ ಹಿಚುಕಿಸಿದ. ಈಗ ಹುಡುಗ ಮಣ್ಣು ಮುಟ್ಟಿ ‘ಇನ್ನೂ ಮರಳ ಬೇಕ’ ಎನ್ನುತ್ತಾನೆ. ನನಗೆ ಗೊತ್ತಾಗುವುದಿಲ್ಲ, ಅವನಿಗೆ ಗೊತ್ತಾಗುತ್ತದೆ.

ಕೈಯಿಂದ ಶುರುಮಾಡಿ ಕಲಿಸಬೇಕು ಎನ್ನುವ ವಿಚಾರ ನಮಗೆ ಹೊಸದೇನಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ ಇದನ್ನೇ ದೇಶದ ಮುಂದಿಟ್ಟರು: ಒಂದು ಕಸುಬನ್ನು ನಡುವೆ ಇಟ್ಟುಕೊಂಡು ಅದರ ಸುತ್ತ ಲೆಕ್ಕ, ಭಾಷೆ, ಭೂಗೋಳ ಎಲ್ಲವನ್ನೂ ಕಲಿಸುವುದು. ಡಾ. ಜಾಕಿರ್ ಹುಸೇನರ ಸಮಿತಿ ಅದಕ್ಕೆ ರೂಪ ಕೊಟ್ಟಿತು. ನಾವು ಸಣ್ಣವರಿದ್ದಾಗ ಶಾಲೆಯಲ್ಲಿ ತಕ್ಲಿ ತಿರುಗಿಸಿದ್ದು ಅದರ ಉಳಿಕೆ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗ ನಮ್ಮ ತಾಲೂಕಿನಲ್ಲೇ ಇದೆ, ಹಾಗಾಗಿ ನೂಲು ಎಂದರೆ ನಮಗೆ ಗೌರವ. ಆದರೆ ಶಾಲೆಯ ತಕ್ಲಿ ಬರಬರುತ್ತ ತಪಾಸಣಿಗೆ ಸಾಹೇಬರು ಬಂದ ದಿನ ಮಾತ್ರ ಕಪಾಟಿನಿಂದ ಹೊರಬರುವ ವಸ್ತುವಾಯಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ‘ಕಾರ್ಯಾನುಭವ’ ಬೇಕು ಎಂದಿತು. ವೇಳಾಪಟ್ಟಿಯಲ್ಲಿ ಅದಕ್ಕೊಂದು ಪೀರಿಯಡ್ ಸಿಕ್ಕಿತು, ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಅದನ್ನು ಗಣಿತದವರು ಕಡ ತೆಗೆದುಕೊಂಡರು, ತಿರುಗಿ ಕೊಟ್ಟದ್ದನ್ನು ನಾನು ನೋಡಿಲ್ಲ. 2020ರ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನ ಚೀಲವಿಲ್ಲದೆ ಬಡಿಗರ, ಕುಂಬಾರರ, ತೋಟದವರ ಹತ್ತಿರ ಕಲಿಯಿರಿ ಎಂದು ಹೇಳಿದೆ. ಒಳ್ಳೆಯ ಮಾತು. ಹತ್ತು ದಿನದಲ್ಲಿ ಮಣ್ಣಿನ ಹದ ಕೈಗೆ ಬರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಇನ್ನು ಚಿತ್ರ.

ನಾವು ಎರಡು ಬಗೆಯ ಚಿತ್ರ ಬರೆಯುತ್ತೇವೆ: ನೋಡಿ ಬರೆಯುವುದು, ನೋಡದೆ ಬರೆಯುವುದು. ಎರಡನ್ನೂ ಒಂದೇ ದಿನ ಕಲಸುವುದಿಲ್ಲ. ನೋಡಿ ಬರೆಯಲು ದೂರ ಹೋಗಬೇಕಾಗಿಲ್ಲ, ತರಕಾರಿ ಬುಟ್ಟಿ ಸಾಕು. ಒಂದು ಬುಧವಾರ ಹೀರೇಕಾಯಿ ಇಟ್ಟೆ. ಅಕ್ಕ ಪಟಪಟನೆ ಉದ್ದಕ್ಕೆ ಗೆರೆ ಎಳೆದು ಮುಗಿಸಿದಳು. ಎಷ್ಟು ಗೆರೆ ಎಂದು ಕೇಳಿದೆ. ಕಾಯಿಯನ್ನು ಕೈಗೆತ್ತಿಕೊಂಡು ಒಂದೊಂದೇ ಏಣು ಮುಟ್ಟುತ್ತ ಎಣಿಸಿದಳು, ಹತ್ತು. ಬುಟ್ಟಿಯ ಇನ್ನೊಂದನ್ನು ಎಣಿಸಿದಳು, ಅದರಲ್ಲೂ ಹತ್ತು. ಅವತ್ತಿನಿಂದ ಕಾಯಿಪಲ್ಲೆಯವಳ ಗಾಡಿ ಬಂದರೆ ಇವಳು ಹೀರೇಕಾಯಿ ಎಣಿಸುತ್ತ ನಿಲ್ಲುತ್ತಾಳೆ. ಆಕೆಗೂ ಈಗ ಕುತೂಹಲ ಹುಟ್ಟಿದೆ. ಮುಂದಿನ ಚಿತ್ರದಲ್ಲಿ ಹುಡುಗಿ ಕಾಯಿಯ ಮುಂಭಾಗಕ್ಕೆ ಐದು ಏಣು ಬರೆದಳು, ಉಳಿದ ಐದು ಹಿಂದೆ ಇವೆ ಎಂದಳು. ದೃಗ್ಗೋಚರದ ಪಾಠ ಅಲ್ಲಿಗೆ ಶುರುವಾಯಿತು, ಪಾಠದ ಹೆಸರು ಹೇಳದೆ.

ಸಣ್ಣವನು ನೋಡಿ ಬರೆಯುವುದಿಲ್ಲ, ತನಗೆ ಗೊತ್ತಿದ್ದದ್ದನ್ನು ಬರೆಯುತ್ತಾನೆ. ಅವನ ಬಸ್ಸಿಗೆ ಗೋಡೆ ಇದ್ದರೂ ಒಳಗೆ ಕೂತ ಜನರ ಕಾಲು ಕಾಣುತ್ತದೆ, ಕಂಡಕ್ಟರನ ಚೀಲದಲ್ಲಿರುವ ರೊಕ್ಕ ಕಾಣುತ್ತದೆ. ಮಕ್ಕಳ ಚಿತ್ರಗಳ ಮೇಲೆ ಕೆಲಸ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಮಕ್ಕಳು ವಯಸ್ಸಿಗೆ ತಕ್ಕ ಹಾಗೆ ಯಾವ ಯಾವ ಮೆಟ್ಟಿಲು ಹತ್ತುತ್ತಾರೆಂದು ವಿವರಿಸಿದ್ದಾರೆ. ಈ ಎಕ್ಸ್‌ರೇ ಚಿತ್ರಗಳೂ ಅದರಲ್ಲಿ ಬರುತ್ತವೆ. ಬಸ್ಸಿನಲ್ಲಿ ಜನ ಇದ್ದಾರೆಂದು ಮಗುವಿಗೆ ಗೊತ್ತು, ಅದಕ್ಕೇ ಬರೆಯುತ್ತದೆ. ಅದನ್ನು ತಿದ್ದುವುದು ಬೇಡ. ‘ಇದೇನೋ ಇದು?’ ಎಂದು ಕೇಳುವುದಂತೂ ಬೇಡವೇ ಬೇಡ. ಕೇಳಿದಿರೋ, ತನ್ನ ಚಿತ್ರ ಯಾರಿಗೂ ತಿಳಿಯುವುದಿಲ್ಲ ಎಂದು ಮಗುವಿಗೆ ಹೇಳಿದ ಹಾಗೆ. ‘ಇದರ ಕಥಿ ಹೇಳು’ ಎನ್ನಿ, ಕಂಡಕ್ಟರನ ಸಂಸಾರವೆಲ್ಲ ಹೊರಗೆ ಬರುತ್ತದೆ. ಗೆರೆ ಎಳೆದಿಟ್ಟ, ಬಣ್ಣ ತುಂಬುವ ಪುಸ್ತಕಗಳನ್ನು ಬಂಧುಗಳು ಹುಟ್ಟುಹಬ್ಬಕ್ಕೆ ತಂದುಕೊಡುತ್ತಾರೆ. ಅವನ್ನು ನಾನು ಅಟ್ಟದ ಮೇಲೆ ಇಟ್ಟಿದ್ದೇನೆ. ಬೇರೆಯವರು ಬರೆದ ಆನೆಗೆ ಹೊರಗೆ ಹೋಗದ ಹಾಗೆ ಬಣ್ಣ ತುಂಬುವುದು ಗುಮಾಸ್ತಿಕೆಗೆ ಒಳ್ಳೆಯ ತರಬೇತಿ.

ಒಂಬತ್ತು ಹತ್ತರ ವಯಸ್ಸಿಗೆ ಮಕ್ಕಳಿಗೆ ತಮ್ಮ ಚಿತ್ರ ‘ಖರೇ ಇದ್ದಂಗ’ ಕಾಣಬೇಕು ಎಂಬ ಆಸೆ ಬರುತ್ತದೆ, ಕೈ ಅಷ್ಟು ಪಳಗಿರುವುದಿಲ್ಲ. ಬಹಳ ಮಂದಿ ಚಿತ್ರ ಬರೆಯುವುದನ್ನು ಬಿಡುವುದು ಇದೇ ಹೊತ್ತಿಗೆ. ಆಗ ‘ಚೆಂದ ಐತಿ’ ಎಂಬ ಸುಳ್ಳು ಹೊಗಳಿಕೆ ಕೆಲಸಕ್ಕೆ ಬರುವುದಿಲ್ಲ. ಹೀರೇಕಾಯಿ, ತಂಬಿಗೆ, ಸ್ವಂತ ಎಡಗೈ, ಇವನ್ನು ಎದುರಿಗಿಟ್ಟು ನೋಡಲು ಕಲಿಸಬೇಕು. ಅಕ್ಕನನ್ನು ನಾನು ಈಗಲೇ ಅದಕ್ಕೆ ಸಿದ್ಧ ಮಾಡುತ್ತಿದ್ದೇನೆ.

ಬಣ್ಣಕ್ಕೆ ಡಬ್ಬಿ ಇದೆ, ಆದರೆ ಅಡುಗೆಮನೆಯ ಬಣ್ಣವೇ ಮಕ್ಕಳಿಗೆ ಹೆಚ್ಚು ಪ್ರೀತಿ. ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ ಪುಂಡಿ ನಾರಿನ ಕುಂಚ ಹಿಡಿದು ಚಿತ್ತಾರ ಬರೆಯುತ್ತಾರೆ, ಒಂದು ಗೆರೆ ಅತ್ತಿತ್ತ ಆಗುವುದಿಲ್ಲ. ಅದನ್ನು ನೋಡಿಕೊಂಡು ನಾವೂ ಹಳೆಯ ರಟ್ಟಿನ ಮೇಲೆ ಕೆಮ್ಮಣ್ಣು ಬಳಿದು ಅಕ್ಕಿ ನೆನೆಸಿ ರುಬ್ಬಿಕೊಂಡೆವು. ಅರಿಶಿಣದ ನೀರಿಗೆ ಒಂದು ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ನೋಡಿ ಸಣ್ಣವನು ಎಲ್ಲದಕ್ಕೂ ಸುಣ್ಣ ಹಾಕಲು ಹೊರಟ. ಸಾರಿನ ಪಾತ್ರೆ ಸ್ವಲ್ಪದರಲ್ಲಿ ಉಳಿಯಿತು.

ಮಧ್ಯಾಹ್ನ ಊಟವಾದ ಮೇಲೆ ಓದು. ಸುಮ್ಮನೆ ಕೂತು ಕೇಳಬೇಕು ಎಂಬ ನಿಯಮವನ್ನು ನಾನು ಹಾಕಿಲ್ಲ. ಅಕ್ಕ ಹೊಲಿಯುತ್ತಿರಲಿ, ತಮ್ಮ ಮಣ್ಣು ಕಲಸುತ್ತಿರಲಿ. ಕೈಗೆ ಕೆಲಸ ಇದ್ದರೆ ಕಿವಿ ಚೆನ್ನಾಗಿ ಕೇಳುತ್ತದೆ. ಕ್ಯೂಬಾ ದೇಶದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದಲೇ ಒಬ್ಬ ಓದುಗ ಎತ್ತರದ ಪೀಠದ ಮೇಲೆ ಕೂತು, ಎಲೆ ಸುತ್ತುವ ಕೆಲಸಗಾರರಿಗೆ ಪತ್ರಿಕೆ, ಕಾದಂಬರಿಗಳನ್ನು ಓದಿ ಹೇಳುತ್ತಿದ್ದ. ಅವರ ಒಂದು ಚುಟ್ಟಾಕ್ಕೆ ಮಾಂಟೆಕ್ರಿಸ್ಟೊ ಎಂದು ಹೆಸರು ಬಿದ್ದದ್ದು ಹೀಗೆ ಕೇಳಿದ ಡ್ಯೂಮಾನ ಕಾದಂಬರಿಯಿಂದ. ನಮಗೆ ಕ್ಯೂಬಾದ ತನಕ ಹೋಗುವ ಅಗತ್ಯವೂ ಇಲ್ಲ. ಗದುಗಿನ ಭಾರತ, ಜೈಮಿನಿ ಭಾರತ ಊರೂರ ಗುಡಿಕಟ್ಟೆಗಳಲ್ಲಿ ಬದುಕಿದ್ದೇ ಒಬ್ಬ ಓದಿ ಹತ್ತು ಮಂದಿ ಕೇಳಿದ್ದರಿಂದ. ಆ ಹತ್ತು ಮಂದಿಯಲ್ಲಿ ಅಕ್ಷರ ಬಲ್ಲವರು ಎಷ್ಟೋ, ಕಾವ್ಯ ಬಲ್ಲವರು ಎಲ್ಲರೂ.

ಏನು ಓದುತ್ತೀರಿ ಎಂದು ಕೇಳುತ್ತಾರೆ. ಪಂಜೆ ಮಂಗೇಶರಾಯರಿಂದ ಶುರುಮಾಡಿ ಎನ್ನುತ್ತೇನೆ. 1874ರಲ್ಲಿ ಹುಟ್ಟಿದ ಮನುಷ್ಯ, ಅವರ ಕಥೆಯ ಇಲಿಗಳು ಇವತ್ತಿಗೂ ಮಕ್ಕಳನ್ನು ಕುಣಿಸುತ್ತವೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕಣ್ಣಲ್ಲಿ ಓದುವುದಕ್ಕಿಂತ ಬಾಯಲ್ಲಿ ಓದಲಿಕ್ಕೇ ಇರುವುದು. ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯನ್ನು ಅವರು ತುಂಗೆಯ ದಡಕ್ಕೆ ತಂದ ಮೇಲೆ ಅದು ಬೇರೆ ಊರಿನದು ಎಂದು ಯಾವ ಮಗುವೂ ನಂಬುವುದಿಲ್ಲ. ಅದನ್ನು ಓದಿದ ದಿನ ಅಕ್ಕ ಹಾಳೆಯ ತುಂಬ ಇಲಿ ಬರೆದಳು, ಒಂದಕ್ಕೆ ಚಸ್ಮಾ ಹಾಕಿ ಅದಕ್ಕೆ ನನ್ನ ಹೆಸರಿಟ್ಟಳು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ವರುಷವಿಡೀ ಸಾಲುತ್ತದೆ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಹಳೆಯ ಸಂಚಿಕೆಗಳು ನಮ್ಮ ಟ್ರಂಕಿನಲ್ಲಿವೆ, ಬೇತಾಳನ ಪ್ರಶ್ನೆ ಬಂದಾಗ ಪುಸ್ತಕ ಮುಚ್ಚಿಬಿಟ್ಟರೆ ಮನೆಯಲ್ಲಿ ದೊಡ್ಡ ಗಲಾಟೆ. ಕೊಳ್ಳಲು ಆಗದವರಿಗೆ ಊರಿನ ಗ್ರಂಥಾಲಯ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಿಂದ ನಡೆಸುತ್ತಿರುವ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ.

ಓದುವಾಗ ನಾನು ಪಾಲಿಸುವ ಶಿಸ್ತು ನನಗೆ ಸಂಬಂಧಿಸಿದ್ದು. ನಡುವೆ ನಿಲ್ಲಿಸಿ ಶಬ್ದಾರ್ಥ ಹೇಳುವುದಿಲ್ಲ. ಪಂಜೆಯವರ ಕರಾವಳಿಯ ಮಾತು ನಮ್ಮ ಮಕ್ಕಳಿಗೆ ಹೊಸದು, ಆದರೂ ಕಥೆಯ ಓಟದಲ್ಲಿ ಅರ್ಥ ತಾನಾಗಿ ಹತ್ತುತ್ತದೆ. ಹತ್ತದ್ದು ಮುಂದಿನ ಸಲಕ್ಕಿರಲಿ. ಓದಿ ಮುಗಿದ ಮೇಲೆ ‘ಈ ಕಥೆಯ ನೀತಿ ಏನು?’ ಎಂದು ಕೇಳುವುದಿಲ್ಲ. ಮೂವತ್ತು ನಲವತ್ತು ಮಕ್ಕಳಿಗೆ ಆ ಪ್ರಶ್ನೆ ಕೇಳಿ, ಎಲ್ಲರೂ ಒಂದೇ ದನಿಯಲ್ಲಿ ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಒದರುವುದನ್ನು ಕೇಳಿ ಸಾಕಾಗಿದೆ. ಇಲ್ಲಿ ಮತ್ತೆ ಮೇಸನ್ ಬಾಯಿಯ ಪದ್ಧತಿ: ಒಂದೇ ಸಲ ಓದುವುದು, ಆಮೇಲೆ ಮಗು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಅಕ್ಕ ಹೇಳಿದರೆ ಅನುಕ್ರಮ ತಪ್ಪುವುದಿಲ್ಲ. ತಮ್ಮ ಹೇಳಿದರೆ ಹುಲಿಯ ಕಥೆಯಲ್ಲಿ ಮಣ್ಣೆತ್ತು ಬಂದು ಹುಲಿಯನ್ನು ಹಾಯುತ್ತದೆ. ಕೇಳುತ್ತ ಕೂತ ಅಕ್ಕ ‘ಹಂಗಿಲ್ಲ!’ ಎಂದು ಸಿಡಿಮಿಡಿಗೊಳ್ಳುತ್ತಾಳೆ. ನಾನು ಎರಡನ್ನೂ ಒಪ್ಪುತ್ತೇನೆ. ಮೊದಲನೆಯದು ಜ್ಞಾಪಕಶಕ್ತಿ, ಎರಡನೆಯದು ಕಥೆಗಾರಿಕೆ.

ಕೆಲವು ದಿನ ಪುಸ್ತಕವೇ ಬೇಡ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಗಳಲ್ಲಿ ಒಂದಿದೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ, ಯಾರಿಗೂ ಹೇಳುವುದಿಲ್ಲ. ಒಳಗೇ ಕೂತು ಬೇಸತ್ತ ಅವೆರಡೂ ಆಕೆ ನಿದ್ದೆ ಮಾಡುವಾಗ ಬಾಯಿಂದ ಹೊರಬಿದ್ದು, ಒಂದು ಕೋಟಾಗಿ ಗೂಟಕ್ಕೆ ತೂಗುತ್ತದೆ, ಇನ್ನೊಂದು ಜೋಡಾಗಿ ಬಾಗಿಲಲ್ಲಿ ಕೂರುತ್ತದೆ. ಮನೆಗೆ ಬಂದ ಗಂಡ ಇವು ಯಾವ ಗಂಡಸಿನವು ಎಂದು ಜಗಳ ತೆಗೆಯುತ್ತಾನೆ. ಇದನ್ನು ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲಿಂದ ನಾನು ‘ಇವತ್ತ ದಣಿವಾಗೇತಿ, ಕಥಿ ಬ್ಯಾಡ’ ಎಂದರೆ ಸಣ್ಣವನು ಬಾಗಿಲಿಗೆ ಹೋಗಿ ಜೋಡು ಎಣಿಸಿ ಬರುತ್ತಾನೆ.

ಇಷ್ಟು ಕೇಳಿ ಎಲ್ಲರೂ ಮಕ್ಕಳ ಹೆಸರು ಶಾಲೆಯಿಂದ ಬಿಡಿಸಿ ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ ಎನ್ನುತ್ತದೆ. ಮನೆಶಾಲೆಗೆ ಅದರಲ್ಲಿ ಬೇರೆ ಜಾಗ ಮಾಡಿಕೊಟ್ಟಿಲ್ಲ. ಈ ಹಾದಿ ಹಿಡಿಯುವವರು ಕಾನೂನು ತಿಳಿದವರನ್ನು ಕೇಳಿಕೊಂಡೇ ಹಿಡಿಯಬೇಕು. ಪರೀಕ್ಷೆಯ ಪ್ರಶ್ನೆಗೆ ಉತ್ತರ ಇಷ್ಟು: 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, ಹದಿನಾಲ್ಕು ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕೂರಬಹುದು.

ಕಾನೂನಿಗಿಂತ ದೊಡ್ಡ ಮಾತು ಇನ್ನೊಂದಿದೆ. ಮನೆಶಾಲೆಗೆ ದೊಡ್ಡವರೊಬ್ಬರ ಇಡೀ ದಿನ ಬೇಕು. ಆ ದೊಡ್ಡವರು ಹೆಚ್ಚಿನ ಮನೆಗಳಲ್ಲಿ ತಾಯಿಯೇ, ಅವಳ ನೌಕರಿಯೇ ಹೋಗುವುದು. ನನ್ನ ಮಗಳು ವಾರಕ್ಕೊಂದು ದಿನ ತನ್ನ ಕೆಲಸ ಮಾಡಿಕೊಳ್ಳಲು ಆಗುತ್ತಿರುವುದು ನನ್ನ ಪಿಂಚಣಿಯ ಕೃಪೆಯಿಂದ. ಕೂಲಿಗೆ ಹೋಗುವ ತಾಯಿಗೆ ಈ ಆಯ್ಕೆ ಇಲ್ಲ. ಅವಳ ಮಗುವಿಗೆ ಶಾಲೆಯೇ ಪುಸ್ತಕ, ಶಾಲೆಯೇ ಬಿಸಿಯೂಟ, ಶಾಲೆಯೇ ಗೆಳೆಯರು. ಬೇರೆ ಬೇರೆ ಓಣಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುವುದನ್ನು ಮನೆಶಾಲೆ ಕಲಿಸಲಾರದು. ನನ್ನ ಮೊಮ್ಮಕ್ಕಳಿಗೆ ಅದು ಸಿಗುತ್ತಿಲ್ಲ, ಮಗಳಿಗೆ ನಾನಿದನ್ನು ಹೇಳುತ್ತಲೇ ಇರುತ್ತೇನೆ. ಅವಳು ಸಂಜೆ ಮಕ್ಕಳನ್ನು ಮೈದಾನಕ್ಕೆ ಕಳಿಸುತ್ತಾಳೆ. ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಈ ಬುಧವಾರವನ್ನು ಶಾಲೆಗೆ ಹೋಗುವ ಮಕ್ಕಳ ಮನೆಗೂ ತರಬಹುದಲ್ಲ! ಆದಿತ್ಯವಾರ ಮುಂಜಾನೆ ಒಂದು ತಾಸು ಸಾಕು. ಅಜ್ಜಿಗೆ ಕೌದಿ ಹೊಲಿಯಲು ಬಂದರೆ ಕೌದಿ, ಅಜ್ಜನಿಗೆ ಹಗ್ಗ ಹೊಸೆಯಲು ಬಂದರೆ ಹಗ್ಗ, ಅಪ್ಪನಿಗೆ ಸೈಕಲ್ ಪಂಕ್ಚರ್ ಹಾಕಲು ಬಂದರೆ ಅದೂ ಆದೀತು. ಮನೆಯಲ್ಲಿ ಬಳಕೆಗೆ ಬರುವ ಒಂದು ವಸ್ತುವನ್ನು ಮಗು ತನ್ನ ಕೈಯಿಂದ ಮುಗಿಸಲಿ, ತಪ್ಪಿದರೆ ಬಿಚ್ಚಿ ಮತ್ತೆ ಮಾಡಲಿ, ನೀವು ಕೈ ಹಾಕಬೇಡಿ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಕನ್ನಡದ ಒಂದು ಕಥೆಯನ್ನು ಗಟ್ಟಿಯಾಗಿ ಓದಿ, ಓದಲು ಬಾರದಿದ್ದರೆ ಹೇಳಿ. ಅಷ್ಟು ಹೊತ್ತು ಟಿವಿ ಆರಿಸಿ, ಫೋನು ಆಚೆಗಿಡಿ, ಈ ರೇಡಿಯೋವನ್ನೂ ಆರಿಸಿದರೆ ನಿಲಯದವರು ಬೇಸರ ಮಾಡಿಕೊಳ್ಳಲಾರರು.